ದೇಣಿಗೆ ತಂಡಕ್ಕೆ ಅಜೈಲ್ ತಂದವರು ಇದ್ದೀರಾ? ಅನುಭವ ಹೇಳಿ

ಮೈಸೂರಿನಿಂದ ಪ್ರಶ್ನೆ: ನಮ್ಮದು ಚಿಕ್ಕ ಟ್ರಸ್ಟ್, ಸರ್ಕಾರಿ ಶಾಲೆ ಮಕ್ಕಳಿಗೆ ಸಂಜೆ ಪಾಠ. ದೇಣಿಗೆ ನೋಡುವವರು ನಾಲ್ಕು ಜನ. ಎಲ್ಲರ ಕೈಯಲ್ಲೂ ಹತ್ತು ಕೆಲಸ, ಒಂದೂ ಮುಗಿಯುತ್ತಿಲ್ಲ. ಐಟಿಯಲ್ಲಿದ್ದ ಟ್ರಸ್ಟಿಯೊಬ್ಬರು ಸಾಫ್ಟ್‌ವೇರ್ ತಂಡಗಳ ಅಜೈಲ್ ವಿಧಾನ ತನ್ನಿ ಅಂತಿದ್ದಾರೆ: ಕೆಲಸ ತುಂಡು ಮಾಡಿ ಎರಡೆರಡು ವಾರದ ಸುತ್ತಿನಲ್ಲಿ (ಸ್ಪ್ರಿಂಟ್) ಮುಗಿಸುವುದು, ಯಾರ ಕೆಲಸ ಎಲ್ಲಿಗೆ ಬಂತು ಅಂತ ದಿನಾ ಐದು ನಿಮಿಷ ನಿಂತು ಹೇಳುವುದು (ಸ್ಟ್ಯಾಂಡಪ್). ಮಾಡೋಣವಾ?

ಬೆಂಗಳೂರು, ಸಿಎಸ್‌ಆರ್ ನೋಡುವವ: ಹದಿನಾಲ್ಕು ತಿಂಗಳು ಮಾಡಿದೆವು. ತರಬೇತಿಗೆ ಎರಡು ದಿನಕ್ಕೆ 40,000 ರೂಪಾಯಿ ಕೊಟ್ಟೆವು, ಕೆಲಸಕ್ಕೊಂದು ಕಾರ್ಡು ಹಾಕುವ ಆ್ಯಪ್‌ಗೆ ತಿಂಗಳು ತಿಂಗಳು ಬೇರೆ. ಕಂಪನಿಗಳು ಸಮಾಜಸೇವೆಗೆ ಅಂತ ಕೊಡುವ ಸಿಎಸ್‌ಆರ್ ಹಣ ಎರಡು ವಾರದಲ್ಲಿ ಬರುತ್ತದಾ? ಮೂರು ವರ್ಷದ ಆಡಿಟ್ ಕೇಳುತ್ತಾರೆ, ಕಮಿಟಿ ಕೂರಬೇಕು, ಆಮೇಲೆ ಬೋರ್ಡ್, ಆಮೇಲೆ ಎಂಓಯು ಅಂತ ಒಪ್ಪಂದ ಪತ್ರ. ಐದಾರು ತಿಂಗಳು ಆರಾಮಾಗಿ ಹೋಗುತ್ತದೆ. ಅದನ್ನು ನೋಡುತ್ತಿದ್ದ ಹುಡುಗಿಯ ಕಾರ್ಡು ಪ್ರತಿ ಸ್ಪ್ರಿಂಟ್ ಕೊನೆಗೂ ‘ನಡೆಯುತ್ತಿದೆ’ ಅಂತಲೇ ಇರುತ್ತಿತ್ತು. ಎಲ್ಲರೆದುರು ದಿನಾ ‘ಇನ್ನೂ ಆಗಿಲ್ಲ’ ಅಂತ ಹೇಳಿ ಹೇಳಿ ಸೋತು ಬಿಟ್ಟು ಹೋದಳು. ಅವಳ ಜೊತೆ ಮೂರು ಕಂಪನಿಗಳೂ ಹೋದವು. ಅದೇ ವರ್ಷ ಹೊಸ ಅಭಿಯಾನದ ಗಡಿಬಿಡಿಯಲ್ಲಿ 10ಬಿಡಿ ಫಾರ್ಮ್ (ಯಾರು ಎಷ್ಟು ದೇಣಿಗೆ ಕೊಟ್ಟರು ಅಂತ ಆದಾಯ ತೆರಿಗೆ ಇಲಾಖೆಗೆ ಕೊಡುವ ಲೆಕ್ಕ) ಕಾರ್ಡು ಬ್ಯಾಕ್‌ಲಾಗ್‌ನಲ್ಲೇ, ಅಂದರೆ ‘ಆಮೇಲೆ ಮಾಡೋಣ’ ಪಟ್ಟಿಯಲ್ಲೇ, ಕೂತಿತ್ತು. ಕಡೇ ದಿನ ಮೇ 31 ದಾಟಿತು. ದಿನಕ್ಕೆ 200ರಂತೆ 19 ದಿನ, 3,800 ರೂಪಾಯಿ ದಂಡ. ದುಡ್ಡು ಹೋಗಲಿ, ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಸರ್ಟಿಫಿಕೇಟ್ ಎಲ್ಲಿ ಅಂತ ಬಂದ ಫೋನುಗಳು! ತಿಂಗಳಿಗೆ 500 ಕೊಡುತ್ತಿದ್ದ ನಿವೃತ್ತ ಮೇಷ್ಟ್ರು ನಿಲ್ಲಿಸಿಯೇ ಬಿಟ್ಟರು.

ಹುಬ್ಬಳ್ಳಿ ತಂಡ: ಇದು ಅಜೈಲ್ ತಪ್ಪಲ್ಲ ಸರ್. ಕಡೇ ದಿನ ಇರುವ ಕೆಲಸವನ್ನು ಬ್ಯಾಕ್‌ಲಾಗ್‌ಗೆ ಹಾಕಿದ್ದು ನೀವು. ನಮ್ಮಲ್ಲಿ ಸ್ಪ್ರಿಂಟೇ ಇಲ್ಲ. ಗೋಡೆಗೆ ಒಂದು ಥರ್ಮಾಕೋಲ್, ಮೂರು ಕಾಲಂ, ಕೆಲಸಕ್ಕೊಂದು ಚೀಟಿ. ಖರ್ಚು 650. ಒಬ್ಬರ ಹೆಸರಲ್ಲಿ ಒಂದು ಸಲಕ್ಕೆ ಎರಡೇ ಚೀಟಿ, ಅದು ಮುಗಿಯದೆ ಮೂರನೆಯದು ಮುಟ್ಟುವ ಹಾಗಿಲ್ಲ. ರಸೀದಿ ಹೋಗಲು 23 ದಿನ ಆಗುತ್ತಿತ್ತು, ಈಗ ನಾಲ್ಕು. ಎರಡು ವಾರಕ್ಕೊಮ್ಮೆ ಶುಕ್ರವಾರ ಚಹಾ ಕುಡಿದು ಏನು ಕೆಟ್ಟಿತು ಅಂತ ಕೂತು ಮಾತಾಡುತ್ತೇವೆ. ಆಟೋ ಡೆಬಿಟ್ ಯಾಕೆ ಇಷ್ಟು ಬೌನ್ಸ್ ಆಗುತ್ತದೆ ಅಂತ ತಿಳಿದದ್ದು ಅಲ್ಲೇ. ನಾವು 1ನೇ ತಾರೀಕು ಹಾಕುತ್ತಿದ್ದೆವು, ಎಷ್ಟೋ ಜನರಿಗೆ ಸಂಬಳ ಬರುವುದೇ ಆಮೇಲೆ. 7ಕ್ಕೆ ಬದಲಿಸಿದೆವು. 61 ಬೌನ್ಸ್ ಇದ್ದದ್ದು ಮುಂದಿನ ತಿಂಗಳು 28.

ಬೆಂಗಳೂರು, ಸಿಎಸ್‌ಆರ್ ನೋಡುವವ: ನಿಮಗೆ ಸಿಎಸ್‌ಆರ್ ಇಲ್ಲ, ಅದಕ್ಕೇ ಸುಲಭ. ಕೆಲಸ ಬಿಟ್ಟು ಹೋದ ಹುಡುಗಿಗೆ ಥರ್ಮಾಕೋಲ್ ಉತ್ತರ ಕೊಡಬೇಡಿ.

ಶಿವಮೊಗ್ಗದ ಅಕ್ಕ: ಇಪ್ಪತ್ತಾರು ವರ್ಷದಿಂದ ದೇಣಿಗೆ ತರುತ್ತಿದ್ದೇನೆ. ದಾನಿಗಳನ್ನು ಚೀಟಿ, ಲೀಡ್ ಅಂತ ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಯಾರ ಮನೆಗೆ ಯಾವಾಗ ಹೋಗಬೇಕು ಅಂತ ನನ್ನ ಡೈರಿಯಲ್ಲಿದೆ, ಅಷ್ಟು ಸಾಕು.

ಹುಬ್ಬಳ್ಳಿ ತಂಡ: ಅಕ್ಕ, ಬೇಜಾರಾಗಬೇಡಿ, ಆದರೆ ಡೈರಿ ನಿಮ್ಮ ಚೀಲದಲ್ಲಿದ್ದರೆ ನೀವು ಒಂದು ತಿಂಗಳು ಮಲಗಿದಾಗ ಸಂಸ್ಥೆ ಏನು ಮಾಡಬೇಕು? ನಮ್ಮ ಹಿಂದಿನವರು ಹೀಗೇ ಮಾಡಿ ಹೋದರು, 140 ದಾನಿಗಳ ನಂಬರ್ ಹುಡುಕಲು ಹಳೇ ರಸೀದಿ ಪುಸ್ತಕ ಬಿಚ್ಚಿ ಕೂತೆವು. ವಿಧಾನಕ್ಕಿಂತ ಜನ ಮುಖ್ಯ ಅಂತ 2001ರ ಅಜೈಲ್ ಪ್ರಣಾಳಿಕೆಯಲ್ಲೇ ಮೊದಲಿಗೆ ಇದೆ. ಜನ ಅಂದರೆ ಇಡೀ ತಂಡ, ಒಬ್ಬರಲ್ಲ.

ಶಿವಮೊಗ್ಗದ ಅಕ್ಕ: ಡೈರಿ ಕೊಡಲಿಲ್ಲ ಅಂತ ಯಾರು ಹೇಳಿದರು? ಕೊಟ್ಟಿದ್ದೆ. ಹೊಸ ಹುಡುಗ ಅದನ್ನು ಬೋರ್ಡಿಗೆ ಹಾಕಿ ಎಲ್ಲರಿಗೂ ಒಂದೇ ಮೆಸೇಜ್ ಕಳಿಸಿದ. ಹೆಂಡತಿ ತೀರಿಕೊಂಡು ಹತ್ತು ದಿನ ಆಗಿದ್ದವರಿಗೆ ‘ದೀಪಾವಳಿ ಶುಭಾಶಯ, ದೇಣಿಗೆ ಮುಂದುವರಿಸಿ’ ಅಂತ ಹೋಯಿತು. ಡೈರಿಯಲ್ಲಿ ಬರೆದಿದ್ದೆ, ಕಾರ್ಡಿನಲ್ಲಿ ಅದಕ್ಕೆ ಜಾಗ ಇರಲಿಲ್ಲವಂತೆ. ನಾನೇ ಅವರ ಮನೆಗೆ ಹೋಗಿ ಕೈಮುಗಿದು ಬಂದೆ.

ಹುಬ್ಬಳ್ಳಿ ತಂಡ: ಅದು ತಪ್ಪೇ ಅಕ್ಕ. ಇವತ್ತೇ ನಮ್ಮ ಚೀಟಿಗಳಲ್ಲಿ ಆ ಜಾಗ ಮಾಡುತ್ತೇನೆ. ಡೈರಿ ಮಾತ್ರ ಚೀಲದಲ್ಲಿ ಇರಬಾರದು, ಆ ಮಾತು ವಾಪಸ್ ತಗೊಳ್ಳುವುದಿಲ್ಲ.