ಕಡಲ ಬಳಗ: ವಿಜ್ಞಾನಿಯನ್ನು ಕೇಳಿ (ಭಾನುವಾರದ ಪ್ರಶ್ನೋತ್ತರ)

ಗಂಗೊಳ್ಳಿ ದೋಣಿಯವರು: ಸರ್, ಮೊನ್ನೆ ರಾತ್ರಿ 6 ಮಾರು ನೀರಲ್ಲಿ ಬಿಟ್ಟ ನಮ್ಮ ಬಲೆ ಬೆಳಿಗ್ಗೆ ಅರ್ಧ ಇಲ್ಲ. ಟ್ರಾಲ್ ಬೋಟೇ ಎಳೆದದ್ದು ಅಂತ ತೋರಿಸೋದು ಹೇಗೆ?

ಮೀನು ಒಣಗಿಸುವ ಅಕ್ಕ: ನಾವು ಮೀನು ಒಣಗಿಸುವ ಜಾಗಕ್ಕೆ ರಸ್ತೆ ಬರ್ತದಂತೆ. ನಮ್ಮತ್ರ ಪಟ್ಟಾ ಇಲ್ಲ, ಏನು ತೋರಿಸ್ಬೇಕು ಸರ್?

ಮಲ್ಪೆ 1: ಲೈಟ್ ಫಿಶಿಂಗಿಗೆ ಪರ್ಮಿಟ್ ಸಿಗ್ತದಾ?

ವಿಜ್ಞಾನಿ (ನಿವೃತ್ತ): ಮಲ್ಪೆಯವರೇ, ಇಲ್ಲ. ದೀಪ ಹಾಕಿ ಮೀನು ಸೆಳೆದು ಹಿಡಿಯುವುದಕ್ಕೆ 2017ರ ನವೆಂಬರಿನಿಂದ ನಿಷೇಧ, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗೂ ಅಷ್ಟೇ.

ಗಂಗೊಳ್ಳಿಯವರೇ, ಉಳಿದ ತುಂಡನ್ನು ಇನ್ನೂ ಹೊಲಿಯಬೇಡಿ! ಹರಿದ ತುದಿಯ ಫೋಟೋ ತೆಗೆಯಿರಿ. ಮೇಲಿನ ತೇಲುಹಗ್ಗ ಮಾತ್ರ ಚೂರಿಯಲ್ಲಿ ಕೊಯ್ದ ಹಾಗೆ ತುಂಡಾಗಿದ್ದರೆ ಬೋಟಿನಡಿಯ ಫ್ಯಾನಿಗೆ ಸಿಕ್ಕಿರಬಹುದು, ಅದು ಯಾವ ಬೋಟೂ ಆದೀತು. ಸೀಸದ ಗುಂಡಿನ ತಳಹಗ್ಗವೂ ಎಳೆದು ಕಿತ್ತುಹೋಗಿದ್ದರೆ ತಳದಲ್ಲೇ ಬಲೆ ಎಳೆಯುವ ಟ್ರಾಲ್ ಮೇಲೆ ಅನುಮಾನ ಗಟ್ಟಿ. ದಡದಿಂದ 6 ಕಿ.ಮೀ. ಒಳಗೆ ನಾಡದೋಣಿಗೇ ಅಂತ 1986ರ ಕರ್ನಾಟಕ ಕಡಲ ಮೀನುಗಾರಿಕೆ ಕಾಯ್ದೆಯ ನಿಯಮ ಉಂಟು. ಆದರೆ ಬಲೆ ಬಿಟ್ಟ ಜಿಪಿಎಸ್ ಪಾಯಿಂಟ್ ಇಲ್ಲದಿದ್ದರೆ ನಿಮ್ಮ ಬಾಯಿಮಾತು, ಅವರ ಬಾಯಿಮಾತು. ಪಾಯಿಂಟ್ ಉಂಟಾ? ತಳದಲ್ಲಿ ಉಳಿದದ್ದನ್ನು ಕೊಕ್ಕೆ ಹಾಕಿ ಎತ್ತಿ, ಇಲ್ಲದಿದ್ದರೆ ಅದು ವರ್ಷಗಟ್ಟಲೆ ಮೀನು ಕೊಲ್ತದೆ.

ಗಂಗೊಳ್ಳಿ ದೋಣಿಯವರು: ಪಾಯಿಂಟ್ ಉಂಟು ಸರ್, ಮಗನ ಫೋನಲ್ಲಿ.

ವಿಜ್ಞಾನಿ: ಅದನ್ನು ಅಳಿಸಬೇಡಿ. ನಾಳೆಯೇ ಮೀನುಗಾರಿಕೆ ಇಲಾಖೆಗೆ ಬರೆದು ಕೊಡಿ, ಸ್ವೀಕೃತಿ ತಗೊಳ್ಳಿ.

ಟ್ರಾಲ್ ಬೋಟಿನವ: ಬಲೆಗೆ ಒಂದು ದೀಪ ಕಟ್ಟಲ್ಲ, ಕತ್ತಲಲ್ಲಿ ನಮಗೆ ಕಾಣುದಾದ್ರೂ ಹೇಗೆ? ಡೀಸೆಲ್ ಸಾಲ ನಮಗೂ ಉಂಟು.

ಹೊನ್ನಾವರ: 6 ಕಿ.ಮೀ. ಒಳಗೆ ನಿಮಗೇನು ಕೆಲಸ? ಎಪ್ಪತ್ತರ ದಶಕದಲ್ಲಿ ಮೀನಿನ ಹಿಂಡನ್ನೇ ಸುತ್ತಿ ಹಿಡಿಯುವ ಪರ್ಸೀನ್ ಬೋಟು ಬಂದು, ದಡದಿಂದ ಎಳೆಯುವ ನಮ್ಮಜ್ಜನ ರಂಪಣಿ ಬಲೆ ಮುಗಿಸ್ತು. ಈಗ ಉಳಿದದ್ದೂ ನಿಮಗೇ ಬೇಕಾ?

ಟ್ರಾಲ್ ಬೋಟಿನವ: ಅದೇ ಪರ್ಸೀನಿನಲ್ಲಿ ನಿಮ್ಮಣ್ಣ ದುಡಿಯುದಲ್ವಾ ಮಾರಾಯ್ರೆ.

ಹೊನ್ನಾವರ: ಮನೆ ವಿಷಯ ತೆಗೀಬೇಡ.

ಉಳ್ಳಾಲ: ಫಾರ್ವರ್ಡ್: ಹಳೆ ಟೈರ್ ಕಟ್ಟಿ ಕಡಲಿಗೆ ಮುಳುಗಿಸಿ, ಒಂದೇ ವರ್ಷದಲ್ಲಿ ಮೀನು ದುಪ್ಪಟ್ಟು!! 🙏

ವಿಜ್ಞಾನಿ: ದಯವಿಟ್ಟು ಬೇಡ. ಫ್ಲೋರಿಡಾದಲ್ಲಿ 1970ರ ದಶಕದಲ್ಲಿ ಸುಮಾರು 20 ಲಕ್ಷ ಟೈರ್ ಮುಳುಗಿಸಿದರು. ಕಟ್ಟು ಬಿಚ್ಚಿ, ಟೈರ್ ಉರುಳಿ ಪಕ್ಕದ ಹವಳವನ್ನೇ ಉಜ್ಜಿ ಹಾಕಿತು. ಈಗ ದುಡ್ಡು ಸುರಿದು ಎತ್ತಿಸ್ತಾರೆ. ನಮ್ಮ ಮಳೆಗಾಲದ ಅಲೆಗೆ ಅದು ನಿಮ್ಮ ಬಲೆಗೇ ಬರ್ತದೆ.

ಉಳ್ಳಾಲ: ಸಾವಿರ ಜನ ಶೇರ್ ಮಾಡಿದ್ದಾರೆ ಸರ್.

ವಿಜ್ಞಾನಿ: ಸಾವಿರ ಜನರಲ್ಲಿ ಯಾರಾದರೂ ಒಬ್ಬ ಟೈರ್ ಅಡಿಯಲ್ಲಿ ಬಂಗುಡೆ ಹಿಡಿದಿದ್ದರೆ ಕರ್ಕೊಂಡು ಬನ್ನಿ.

ಮಲ್ಪೆ 2: ಲೈಟ್ ಫಿಶಿಂಗಿಗೆ ಪರ್ಮಿಟ್...

ವಿಜ್ಞಾನಿ: ಮೇಲೆ ಓದಿ.

ಹೊನ್ನಾವರ: ಮೊದಲು ಈ ಟ್ರಾಲ್ ಬೋಟಿನವನನ್ನು ಗ್ರೂಪಿಂದ ತೆಗೀರಿ.

ಟ್ರಾಲ್ ಬೋಟಿನವ: ತೆಗೀಲಿ ನೋಡುವ.

ಮೀನು ಒಣಗಿಸುವ ಅಕ್ಕ: ಸರ್, ನನ್ನದು ಬೆಳಿಗ್ಗೆ ಕೇಳಿದ್ದು.