ಪಾತ್ರದೊಳಗಿದ್ದೇನೆ ಎಂದು ಅಜ್ಜಿಯ ಮೇಲೆ ಕೂಗುವ ಹುಡುಗನ ವಿಷಯ

ಪುಟ್ಟೀ, ಬೆಳಿಗ್ಗೆ ನೀನು ಗುಂಪಿನಲ್ಲಿ ಹಾಕಿದ್ದನ್ನು ಈಗ ನೋಡಿದೆ. ಮಗನಿಗೆ ತುಘಲಕ್ ಪಾತ್ರ ಸಿಕ್ಕಿದೆ, ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ, ಮೊನ್ನೆ ಅಜ್ಜಿಯ ಮೇಲೆ ಕೂಗಾಡಿದ, ಕೇಳಿದರೆ 'ಪಾತ್ರದೊಳಗಿದ್ದೇನೆ, ಕೆಣಕಬೇಡಿ' ಎನ್ನುತ್ತಾನೆ, ನಟರಿಗೆಲ್ಲ ಹೀಗೆಯೇ ಆಗುತ್ತದೆಯೇ ದೊಡ್ಡಪ್ಪ ಎಂದು ಕೇಳಿದ್ದೀಯ. ಇಷ್ಟನ್ನೂ ಬೆರಳಿನಲ್ಲಿ ಒತ್ತಿ ಬರೆಯುವುದು ನನ್ನಿಂದಾಗದು, ಮಾತಿನಲ್ಲೇ ಹೇಳುತ್ತೇನೆ. ಉದ್ದವಾಯಿತೆಂದು ಯಾರೂ ಅರ್ಧಕ್ಕೆ ನಿಲ್ಲಿಸಬೇಡಿ. ಹೋದ ಸಲ ನಿಲ್ಲಿಸಿದವರು ಯಾರೆಂದು ನನಗೆ ಗೊತ್ತಿದೆ.

ಕುರುಕ್ಷೇತ್ರ ಆಡಿದ ರಾತ್ರಿ ನನ್ನ ಮೊಣಕಾಲಿಗೆ ಏನಾಯಿತೆಂದು ನಿಮಗೆಲ್ಲ ಗೊತ್ತು. ಏಕಾಯಿತೆಂದು ಯಾರೂ ಕೇಳಲಿಲ್ಲ. ನಮ್ಮ ತುಮಕೂರಿನ ಕಡೆ ಪೌರಾಣಿಕ ನಾಟಕದಲ್ಲಿ ಪಾತ್ರ ಮಾಡುವವನೇ ಪಾತ್ರಕ್ಕೆ ದುಡ್ಡು ಕಟ್ಟಬೇಕಲ್ಲ, ದುರ್ಯೋಧನನಿಗಂತೂ ಕೈತುಂಬ ಕಟ್ಟಬೇಕು. ಆ ವರ್ಷ ಅದು ನನಗೆ ಬಂತು. ಅದರ ಮೇಲೆ ಕಣ್ಣಿಟ್ಟಿದ್ದ ಕೆಳಗಿನ ಬೀದಿಯವನು ಮುಖ ಊದಿಸಿಕೊಂಡೇ ಭೀಮನಾದ. ಹಾರ್ಮೋನಿಯಂ ಮೇಷ್ಟ್ರು ಗದಾಯುದ್ಧವನ್ನು ಹೆಜ್ಜೆಯ ಲೆಕ್ಕದಲ್ಲಿ ಕಲಿಸಿದ್ದರು. ಗದೆ ನನ್ನ ತೊಡೆಯ ಪಕ್ಕ ಹಾದುಹೋಗಬೇಕು, ತಬಲದವನು ಏಟು ಕೊಡಬೇಕು, ನಾನು ಬೀಳಬೇಕು. ಬೆಳಗಿನ ಜಾವ, ಜನ ಸಿಳ್ಳೆ ಹೊಡೆಯುತ್ತಿದ್ದಾರೆ, ಗದೆ ಪಕ್ಕಕ್ಕೆ ಹೋಗಲಿಲ್ಲ. ನೇರ ಮೊಣಕಾಲಿಗೇ ಬಂತು. ನಾನು ನಿಜವಾಗಿ ಚೀರಿದ್ದಕ್ಕೆ ಚಪ್ಪಾಳೆ ಬಿತ್ತು! ಮರುದಿನ ಊರೆಲ್ಲ 'ಭೀಮ ಮೈಮೇಲೆ ಬಂದಿದ್ದ' ಎಂದು ಅವನನ್ನು ಕೊಂಡಾಡಿತು.

ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದಾಗ ಅದನ್ನೇ ಯೋಚಿಸಿದೆ. ಮೈಮೇಲೆ ಬಂದಿದ್ದ ಆ ಭೀಮ ಸೀನರಿಯ ಪರದೆಗೆ ಒಂದೇಟೂ ಹಾಕಲಿಲ್ಲ. ಅದು ಬಾಡಿಗೆಯದು, ಹರಿದರೆ ದಂಡ ಕಟ್ಟಬೇಕು. ಪಕ್ಕದಲ್ಲೇ ನಿಂತಿದ್ದ ಕೃಷ್ಣನಿಗೆ ಗದೆಯ ಗಾಳಿಯನ್ನೂ ಸೋಕಿಸಲಿಲ್ಲ. ಕೃಷ್ಣ ಅವನಿಗೆ ಸಾಲ ಕೊಟ್ಟಿದ್ದವನು. ಮೈಕಿಗೆ ತಾಗದಂತೆ ಸುತ್ತಿ ಬಂದು ಸರಿಯಾಗಿ ನನಗೇ ಹೊಡೆದ. ಇಷ್ಟು ಲೆಕ್ಕಾಚಾರ ಬಲ್ಲ ಆವೇಶ ಎಲ್ಲಿಯದು? ಮನುಷ್ಯನಿಗೆ ಒಂದು ನೆಪ ಬೇಕು, ನಾಟಕದವನಿಗೆ ಆ ನೆಪ ಕಿರೀಟ ಸಮೇತ ಸಿಗುತ್ತದೆ, ಅಷ್ಟೇ.

ಆದ್ದರಿಂದ ಒಂದು ವಿಷಯ ವಿಚಾರಿಸು. ನಿನ್ನ ಮಗ ನಿರ್ದೇಶಕರ ಮೇಲೆ ಕೂಗುತ್ತಾನೆಯೇ? ತಂಡದಲ್ಲಿ ಅವನಿಗಿಂತ ಹಿರಿಯರ ಮೇಲೆ? ಅಲ್ಲೆಲ್ಲ ಬಾಯಿ ಮುಚ್ಚಿಕೊಂಡಿದ್ದು ಮನೆಗೆ ಬಂದು ಅಜ್ಜಿಯ ಮೇಲೆ ಮಾತ್ರ ಕೂಗುತ್ತಾನೆ ಎಂದಾದರೆ, ಕೂಗುತ್ತಿರುವುದು ಸುಲ್ತಾನನಲ್ಲ, ಇವನೇ. ಯಾರ ತಂಟೆಗೂ ಹೋಗದ ನಿನ್ನ ಅಮ್ಮನೇ ಸಿಕ್ಕಳೇ ಅವನಿಗೆ? ಪಾತ್ರದ ಹೆಸರಿನಲ್ಲಿ ಮನೆಯವರ ಮೇಲೆ ಕೂಗಲು ಬಿಡಬೇಡ.

ಅವನು ನಟನೆ ಕಲಿಸಿದ ರಷ್ಯಾದ ನಿರ್ದೇಶಕ ಸ್ಟಾನಿಸ್ಲಾವ್‌ಸ್ಕಿಯ ಹೆಸರು ಹೇಳಿ ನಿನ್ನ ಬಾಯಿ ಮುಚ್ಚಿಸಬಹುದು. ಸ್ವಂತ ನೆನಪಿನಿಂದ ಭಾವ ಎಬ್ಬಿಸಿಕೊಳ್ಳಬೇಕು ಎಂದವರು ಅವರೇ, ನಿಜ. ಆದರೆ ಕೊನೆಕೊನೆಗೆ ಅವರೇ ಒತ್ತು ಬದಲಿಸಿ, ದೇಹದ ಕ್ರಿಯೆಯಿಂದ ಹೊರಡಿ, ಭಾವ ಹಿಂದೆಯೇ ಬರುತ್ತದೆ ಎಂಬ ಕಡೆಗೆ ಬಂದರು. ಅಷ್ಟು ದೂರ ಏಕೆ, ಭರತನ ನಾಟ್ಯಶಾಸ್ತ್ರ ಇದೆಯಲ್ಲ. ಕಣ್ಣೀರು, ನಡುಕ, ರೋಮಾಂಚ, ಸ್ವರ ಒಡೆಯುವುದು ಎಲ್ಲ ಸೇರಿ ಎಂಟು ಸಾತ್ತ್ವಿಕ ಭಾವಗಳು. ಅವು ಹುಟ್ಟುವುದು ಏಕಾಗ್ರವಾದ ಮನಸ್ಸಿನಿಂದ ಎನ್ನುತ್ತಾನೆ ಭರತ, ಮನಸ್ಸು ಕೈತಪ್ಪಿದಾಗ ಅಲ್ಲ. ಕರ್ಣ ಬಿದ್ದ ಸುದ್ದಿ ಕೇಳಿ ಅಳುವಾಗ ನನಗೆ ಕಣ್ಣೀರು ತಾನಾಗಿಯೇ ಬರುತ್ತಿತ್ತು. ಅದೇ ಹೊತ್ತಿಗೆ ಮೇಷ್ಟ್ರ ಶ್ರುತಿ ಕೇಳಿಸುತ್ತಿತ್ತು, ಕಿರೀಟ ಎಡಕ್ಕೆ ಜಾರುತ್ತಿರುವುದೂ ತಿಳಿಯುತ್ತಿತ್ತು. ಅಳುವವನೂ ಬೇಕು, ಕಿರೀಟ ನೋಡಿಕೊಳ್ಳುವವನೂ ಬೇಕು. ಒಬ್ಬ ಎದ್ದು ಹೋದರೆ ಅಲ್ಲಿಗೆ ನಟನೆ ಮುಗಿಯಿತು.

ಆ ಅಳುವನ್ನು ನೋಡಲು ನಮ್ಮವರು ಯಾರು ಬಂದಿದ್ದರು, ಹೇಳಿ? ನಮ್ಮ ಭಾವನವರು ಬಂದಿದ್ದರೇ? ಮೊಣಕಾಲು ಮುರಿದುಕೊಂಡು ಮಲಗಿದ್ದಾಗ ಬಂದರು, ಕಾಫಿ ಕುಡಿದರು, 'ಬಣ್ಣ ಹಚ್ಚುವವರ ಹಣೆಬರಹವೇ ಇಷ್ಟು' ಎಂದು ಹೇಳಿ ಎದ್ದು ಹೋದರು. ದೊಡ್ಡವಳಿಗೆ ಸಂಬಂಧ ನೋಡುವಾಗ 'ನಾಟಕದ ವಿಷಯ ಎತ್ತಬೇಡ' ಎಂದು ನನ್ನನ್ನು ಒಳಗೆ ಕೂರಿಸಿದವರೂ ಈ ಗುಂಪಿನಲ್ಲೇ ಇದ್ದಾರೆ. ಆಮೇಲೆ ಯಾವುದೋ ಧಾರಾವಾಹಿಯಲ್ಲಿ ಗೋಡೆಯ ಮೇಲೆ ಹಾರ ಹಾಕಿದ ಫೋಟೊ ಆದೆ ನೋಡಿ, ಒಂದೂ ಮಾತಿಲ್ಲ, ಉಸಿರೂ ಇಲ್ಲ, ಆಗ ಎಲ್ಲರ ಫೋನೂ ಬಂತು. 'ಎಷ್ಟು ಸಹಜವಾಗಿ ಮಾಡಿದ್ದೀರಿ' ಎಂದರು ಭಾವ.

ಇರಲಿ. ಪುಟ್ಟೀ, ಮತ್ತೆ ಹೇಳುತ್ತೇನೆ, ಪಾತ್ರದ ಹೆಸರಿನಲ್ಲಿ ಮನೆಯವರ ಮೇಲೆ ಕೂಗಲು ಬಿಡಬೇಡ. ಇವತ್ತು ಅಜ್ಜಿ ಸುಮ್ಮನಿದ್ದರೆ ನಾಳೆ ಹೆಂಡತಿಯೂ ಸುಮ್ಮನಿರಬೇಕು ಎನ್ನುತ್ತಾನೆ. ಹಾಗೆ ಹಾಳಾದ ಸಂಸಾರಗಳನ್ನು ನಾಟಕ ಕಂಪನಿಯವರಲ್ಲಿ ಕಂಡಿದ್ದೇನೆ.

ಹಾಂ, ಮುಖ್ಯವಾದದ್ದನ್ನೇ ಮರೆತೆ, ನಿದ್ದೆಯ ವಿಷಯ. ಆ ನಾಟಕದ ಸುಲ್ತಾನನಿಗೆ ನಿದ್ದೆ ಬಾರದು ಎಂದು ಇವನೂ ಬೇಕೆಂದೇ ಎಚ್ಚರವಿದ್ದರೆ, ಅದನ್ನು ಬಿಡಿಸಬೇಕಾದವರು ನಿರ್ದೇಶಕರು. ಅವರಿಗೆ ನೀನೇ ಫೋನ್ ಮಾಡು, ನಾಚಿಕೆ ಬೇಡ. ನಿದ್ದೆಗೆಟ್ಟವನಿಗೆ ಮಾತು ಮರೆಯುತ್ತದೆ, ಗಂಟಲು ಕಟ್ಟುತ್ತದೆ ಎಂದು ಅವರಿಗೂ ಗೊತ್ತು. ತಾಲೀಮು ಮುಗಿದ ಕೂಡಲೇ ಗಾಡಿ ಹತ್ತದೆ, ಮುಖ ತೊಳೆದು, ಜೊತೆಯವರೊಡನೆ ಸ್ವಲ್ಪ ಬೇರೆ ಮಾತಾಡಿ ಬರಲಿ. ಆದರೆ ಮಲಗಬೇಕೆಂದರೂ ನಿದ್ದೆ ಬರುತ್ತಿಲ್ಲ, ಊಟ ಬಿಟ್ಟಿದ್ದಾನೆ, ಇಲ್ಲದ್ದನ್ನು ಇದೆ ಎನ್ನುತ್ತಾನೆ ಎಂದಾದರೆ ಪ್ರದರ್ಶನ ಮುಗಿಯಲಿ ಎಂದು ಕಾಯಬೇಡ, ವೈದ್ಯರಿಗೆ ತೋರಿಸು. ಮೊದಲು ಕೇಳಿ ತಿಳಿಯಬೇಕೆಂದರೆ ಮನಸ್ಸಿನ ತೊಂದರೆಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಬರೆದುಕೊಂಡೆಯಾ? ಒಂದು, ನಾಲ್ಕು, ನಾಲ್ಕು, ಒಂದು, ಆರು.

ನಾಟಕಕ್ಕೆ ನನಗೂ ನಿನ್ನ ಅಮ್ಮನಿಗೂ ಟಿಕೆಟ್ ತೆಗೆದಿಡು, ಮೆಟ್ಟಿಲು ಹತ್ತಬೇಕಾಗದ ಸಾಲಿನಲ್ಲಿ. ಭಾವ ಬರುವುದಾದರೆ ಅವರ ಟಿಕೆಟ್ ಅವರೇ ತೆಗೆಯಲಿ.