ರೇಷ್ಮೆ ಮೇಲೆ ಆ ಪೇಪರ್ ಇಟ್ಟು ಕತ್ತರಿ ಹಾಕ್ಬೇಡ ಪುಟ್ಟಿ

ಪುಟ್ಟಿ, ದೊಡ್ಡಮ್ಮ ಕಣೆ ಮಾತಾಡ್ತಿರೋದು. ಬೆಳಿಗ್ಗೆ ನೀನು ಗ್ರೂಪಲ್ಲಿ ಹಾಕಿದ್ದನ್ನ ಈಗ ನೋಡ್ದೆ, ಟೈಪ್ ಮಾಡೋಕೆ ಕಣ್ಣು ಸರಿಹೋಗಲ್ಲ, ಅದಕ್ಕೇ ಮಾತಲ್ಲೇ ಹೇಳ್ತಿದೀನಿ. 36 ಸೈಜಿಂದು ಪ್ರಿನ್ಸೆಸ್ ಕಟ್ ಪ್ಯಾಟರ್ನು ಆನ್‌ಲೈನಲ್ಲಿ ದುಡ್ಡು ಕೊಟ್ಟು ತಗೊಂಡಿದೀನಿ, ಪ್ರಿಂಟ್ ಹಾಕಿಸಿ ಅಕ್ಕನ ನಿಶ್ಚಿತಾರ್ಥದ ರೇಷ್ಮೆ ಬ್ಲೌಸ್ ಪೀಸ್ ಮೇಲೆ ಇಟ್ಟು ಕತ್ತರಿಸ್ಲಾ, ಇಲ್ಲ ನಾನೇ ಅಳತೆ ತಗೊಂಡು ಪೇಪರ್ ಬರ್ಕೊಳ್ಳಾ, ಭಯ ಆಗ್ತಿದೆ ಅಂತ ಕೇಳಿದೀಯ. ಭಯ ಆಗ್ತಿದೆ ಅಂದ್ಯಲ್ಲ, ಅದು ಒಳ್ಳೇದು ಕಣಮ್ಮ. ನನಗೆ ಅವತ್ತು ಆ ಭಯ ಹುಟ್ಟಲೇ ಇಲ್ಲ.

ಗೌರಿಬಿದನೂರು ಅತ್ತೆ ಮದುವೆ ವಿಷಯ ನಿಮ್ಮಮ್ಮ ಹೇಳಿರ್ತಾಳೆ. ಆದ್ರೆ ಅವಳು ಆಗಿನ್ನೂ ನಮ್ಮನೆಗೆ ಬಂದಿರ್ಲಿಲ್ಲ, ಬೇರೆಯವರ ಬಾಯಲ್ಲಿ ಕೇಳಿರೋದು. ನಡೆದದ್ದು ನಾನು ಹೇಳ್ತೀನಿ ಕೇಳು. 1991. ಆಗ ನಮ್ಮ ಶಿಡ್ಲಘಟ್ಟ ಇನ್ನೂ ಕೋಲಾರ ಜಿಲ್ಲೆ. ಹಿಂದಿನ ಬೆಳೆಯ ರೇಷ್ಮೆ ಗೂಡು ಮಾರ್ಕೆಟ್ಟಲ್ಲಿ ಹರಾಜಾದ ದುಡ್ಡಲ್ಲಿ ನಿಮ್ಮ ತಾತ ಅತ್ತೆಗೆ ಧಾರೆ ಸೀರೆ ತಂದಿದ್ರು. ಕುಂಕುಮದ ಬಣ್ಣ, ಗಿಳಿಹಸಿರು ಅಂಚು. ಅದರ ಜೊತೆ ಬಂದಿದ್ದ ಬ್ಲೌಸ್ ಪೀಸು ಮುಕ್ಕಾಲು ಮೀಟರ್ ಚಿಲ್ಲರೆ, ಅಷ್ಟೇ. ಅದೇ ಬಣ್ಣ, ಅದೇ ಅಂಚು ಬೇಕು ಅಂದ್ರೆ ಇನ್ನೊಂದು ತುಂಡು ಎಲ್ಲಿಂದ ತರ್ತೀಯ?

ಮನೆಯವರ ಬ್ಲೌಸೆಲ್ಲ ನಾನೇ ಹೊಲೀತಿದ್ದೆ. ಮೈ ಅಳತೆ ತಗೊಳ್ಳೋದು, ಹಳೇ ನ್ಯೂಸ್ ಪೇಪರ್ ಹಾಸಿ ಗೆರೆ ಹಾಕೋದು, ಎದೆ ಸುತ್ತಳತೆಯ ಕಾಲು ಭಾಗ ಹಿಡಿದು ಅದರಾಚೆ ಒಂದೂವರೆ ಇಂಚು ಹೊಲಿಗೆ ಜಾಗ ಬಿಡೋದು, ಆಮೇಲೆ ಬಟ್ಟೆ ಮುಟ್ಟೋದು. ಆದ್ರೆ ಆ ಮದುವೆ ಟೈಮಲ್ಲಿ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಿತ್ತು, ಅಂದ್ರೆ ನಾಲ್ಕನೇ ಸಲ ಪೊರೆ ಬಿಟ್ಟು ಮೇಯೋಕೆ ಶುರು ಮಾಡಿತ್ತು. ಹುಳ ಸಾಕಿದ ಮನೇಲಿ ಹುಟ್ಟಿದವಳು ನೀನು, ಬಿಡಿಸಿ ಹೇಳ್ಬೇಕಾ? ಹಗಲೂ ರಾತ್ರಿ ಸೊಪ್ಪು ಹಾಕ್ತಾನೇ ಇರ್ಬೇಕು, ಒಂದು ಹೊತ್ತು ತಪ್ಪಿದ್ರೆ ಬೆಳೆ ಹೋಯ್ತು. ಕೂತು ಪೇಪರ್ ಬರ್ಕೊಳ್ಳೋಕೆ ಒಂದು ಗಂಟೆ ಸಿಗ್ಲಿಲ್ಲ ನನಗೆ. ಜವಳಿಗೆ ಅಂತ ಬೆಂಗಳೂರಿಗೆ ಹೋಗಿದ್ದಾಗ ಒಂದು ಅಂಗಡೀಲಿ ರೆಡಿ ಪೇಪರ್ ಕಟಿಂಗ್ ಕಂಡಿತ್ತು, 32, 34, 36 ಅಂತ ಬರೆದು ಸುರುಳಿ ಸುತ್ತಿಟ್ಟಿದ್ರು. ಅತ್ತೆದು 34. ಹೇಗೂ ಇದೆಯಲ್ಲ ಅಂತ 34 ತಗೊಂಡು ಬಂದೆ. ರಾತ್ರಿ ಸೊಪ್ಪು ಹಾಕಿ ಬಂದು, ಲಾಟೀನು ಹತ್ತಿರ ಇಟ್ಕೊಂಡು, ರೇಷ್ಮೆ ಮಡಿಸಿ, ಪೇಪರಿನ ಅಂಚಿಗೆ ಸರಿಯಾಗಿ ಕತ್ತರಿಸಿಬಿಟ್ಟೆ.

ಆ ಪೇಪರಲ್ಲಿ ಹೊಲಿಗೆ ಜಾಗ ಸೇರಿಸಿರ್ಲಿಲ್ಲ ಪುಟ್ಟಿ. ಅದರ ಅಂಚು ಕತ್ತರಿ ಹಾಕೋ ಗೆರೆ ಅಲ್ಲ, ಹೊಲಿಗೆ ಬೀಳೋ ಗೆರೆ. ಎಲ್ಲೂ ಬರೆದಿರ್ಲಿಲ್ಲ, ನಾನೂ ಕೇಳ್ಲಿಲ್ಲ. ಎರಡು ಪಕ್ಕ, ಹಿಂದೆ ಮುಂದೆ ಸೇರಿ ನಾಲ್ಕು ಅಂಚು. ಒಂದೊಂದರಲ್ಲಿ ಅರ್ಧ ಇಂಚು ಒಳಗೆ ಹೋದ್ರೆ ಎರಡು ಇಂಚು ಹೋಯ್ತು. ಅದರ ಮೇಲೆ ಅತ್ತೆ ಸೊಪ್ಪಿನ ಹೊರೆ ಹೊತ್ತು ಬೆಳೆದವಳು, ಎದೆ 34 ಆದ್ರೂ ಹೆಗಲು ಅಗಲ, ತೋಳು ಗಟ್ಟಿ. ಆ 34 ಯಾರ ಹೆಗಲು ನೋಡಿ ಬರೆದಿದ್ದೋ. ಚಪ್ಪರದ ದಿನ ರಾತ್ರಿ ಹಾಕಿಸಿ ನೋಡಿದ್ರೆ ಹುಕ್ಸು ಸೇರಲೇ ಇಲ್ಲ. ಬಿಚ್ಚೋಣ ಅಂದ್ರೆ ಒಳಗೆ ಬಟ್ಟೆನೇ ಇಲ್ಲ. ನನ್ನದೊಂದು ಹಳೇ ಬ್ಲೌಸ್ ಹರಿದು ಕಂಕುಳಡಿ ಪಟ್ಟಿ ಕೊಟ್ಟೆ, ಕೈ ನಡುಗ್ತಿತ್ತು. ಬೆಳಿಗ್ಗೆ ಮುಹೂರ್ತದಲ್ಲಿ ಅವಳು ಜೀರಿಗೆ ಬೆಲ್ಲ ಇಡೋಕೆ ಕೈ ಎತ್ತಿದಳು ನೋಡು, ಕಂಕುಳಲ್ಲಿ ಪಟ್ಟಿ ಸಮೇತ ಪರ್ ಅಂತ ಹರೀತು. ನಾನು ಹಿಂದೆನೇ ನಿಂತಿದ್ದೆ, ನನ್ನ ಕಿವಿಗೆ ಕೇಳಿಸ್ತು. ಮದುವೆ ಫೋಟೋ ಎಲ್ಲದರಲ್ಲೂ ಅವಳು ಎಡಗೈಯಲ್ಲಿ ಸೆರಗು ಬಿಗಿಯಾಗಿ ಹಿಡ್ಕೊಂಡೇ ಇದಾಳೆ, ಆಲ್ಬಮ್ ತೆಗೆದು ನೋಡು ಬೇಕಾದ್ರೆ.

ಅದಕ್ಕೇ ಹೇಳ್ತಿದೀನಿ, ಕೊಂಡ್ಕೊಂಡ ಪೇಪರ್ ಇಟ್ಟು ರೇಷ್ಮೆ ಮೇಲೆ ಮೊದಲ ಕತ್ತರಿ ಹಾಕ್ಬೇಡ.

ಅತ್ತೆ ಅವತ್ತೂ ಒಂದು ಮಾತು ಅನ್ಲಿಲ್ಲ, ಇವತ್ತಿಗೂ ಅಂದಿಲ್ಲ. ಅಂದೋರು ಬೇರೆಯವರು. ಇಪ್ಪತ್ತು ವರ್ಷ ಈ ಮನೆ ಹೆಂಗಸರದ್ದು, ಮಕ್ಕಳದ್ದು, ಬಾಣಂತನಕ್ಕೆ ಬಂದೋರದ್ದು, ಎಲ್ಲ ನಾನೇ ಹೊಲಿದೆ. ಒಂದು ರೂಪಾಯಿ ಕೇಳ್ಲಿಲ್ಲ, ನೂಲಿನುಂಡೆಗೂ ನನ್ನ ತೌರಿನ ದುಡ್ಡು. ಅದು ಯಾರ ನೆನಪಲ್ಲೂ ಇಲ್ಲ, ಆ ಒಂದು ಬ್ಲೌಸು ಮಾತ್ರ ಪ್ರತಿ ಮದುವೇಲೂ ಮಾತಿಗೆ ಬರುತ್ತೆ. ಈಗ ಟೈಲರ್ ಹತ್ತಿರ ಅವರು ಕೇಳಿದಷ್ಟು ಕೊಟ್ಟು, ಮೂರು ಸಲ ತಿರುಗಿ, ಸರಿಯಿಲ್ದೇ ಇದ್ರೂ ಸುಮ್ನೆ ಹಾಕ್ಕೊಂಡು ಬರ್ತೀರಿ. ನನಗೆ ಆ ಮರ್ಯಾದೆ ಒಂದು ದಿನ ಸಿಗ್ಲಿಲ್ಲ. ಮನೆ ಭಾಗ ಆದಾಗ ನಮ್ಮಪ್ಪ ಕೊಡ್ಸಿದ್ದ ಉಷಾ ಮಿಷಿನ್ನು ಸಾಮಾನಿನ ಲೆಕ್ಕದಲ್ಲಿ ಚಿಕ್ಕಮ್ಮನ ಪಾಲಿಗೆ ಹೋಯ್ತು, ನನ್ನನ್ನ ಒಂದು ಮಾತು ಕೇಳ್ಲಿಲ್ಲ. ಅದರ ಮೇಲೆ ಈಗ ಅಕ್ಕಿ ಡಬ್ಬ ಇಟ್ಟಿದಾರೆ. ಚಿಕ್ಕಮ್ಮನೂ ಈ ಗ್ರೂಪಲ್ಲೇ ಇದಾಳೆ, ಕೇಳಿಸ್ಕೊಳ್ಳಲಿ. ಬೆಲ್ಟು ಹಾಕಿಸಿ ಎಣ್ಣೆ ಬಿಟ್ರೆ ಇವತ್ತೂ ಓಡುತ್ತೆ ಆ ಮಿಷಿನ್ನು. ನಿನಗಾದ್ರೂ ಕೊಟ್ಟಿದ್ರೆ ನನಗೆ ಸಮಾಧಾನ ಇರ್ತಿತ್ತು.

ಅಯ್ಯೋ, ನೀನು ಕೇಳಿದ್ದಕ್ಕೆ ಇನ್ನೂ ಉತ್ತರನೇ ಹೇಳಿಲ್ಲ ನೋಡು. ದುಡ್ಡು ಕೊಟ್ಟಿದೀಯ, ಆ ಪ್ಯಾಟರ್ನ್ ಬಿಸಾಕು ಅಂತ ನಾನು ಹೇಳಲ್ಲ. ನಾಲ್ಕು ಟಕ್ಸಿನ, ಅಂದ್ರೆ ಎದೆ ಹತ್ತಿರ ನಾಲ್ಕು ಮಡಿಕೆ ಹಿಡಿದು ಹೊಲಿಯೋ, ಸಾದಾ ಬ್ಲೌಸಾಗಿದ್ರೆ ನೀನೇ ಬರ್ಕೋ ಅಂತಿದ್ದೆ. ಪ್ರಿನ್ಸೆಸ್ ಕಟ್ಟಲ್ಲಿ ಕಂಕುಳಿಂದ ಎದೆ ಮೇಲೆ ಇಳಿಯೋ ಆ ಡೊಂಕು ಹೊಸಬರಿಗೆ ಕೈಗೆ ಬರಲ್ಲ, ಅದನ್ನ ಅವರ ಪೇಪರಿಂದಾನೇ ತಗೋ. ಅಗಲ, ಉದ್ದ, ಹೆಗಲು ಮಾತ್ರ ಅಕ್ಕನ ಅಳತೆದೇ ಇರ್ಬೇಕು.

ಪ್ರಿಂಟ್ ಹಾಕ್ಸೋವಾಗ ಜೆರಾಕ್ಸ್ ಅಂಗಡಿಯವರಿಗೆ 100 ಪರ್ಸೆಂಟಲ್ಲೇ ತೆಗೀರಿ, ಹಾಳೆಗೆ ಹೊಂದಿಸ್ಬೇಡಿ ಅಂತ ಹೇಳು. ಹಾಳೇಲಿ ಒಂದು ಚಿಕ್ಕ ಚೌಕ ಇರುತ್ತಂತೆ, ಪಕ್ಕದಲ್ಲಿ ಇಷ್ಟು ಇಂಚು ಅಂತ ಬರೆದಿರುತ್ತಂತೆ, ಟೇಪ್ ಇಟ್ಟು ಅಳೆ. ಒಂದು ನೂಲು, ಅಂದ್ರೆ ಇಂಚಿನ ಎಂಟನೇ ಒಂದು ಭಾಗ, ಕಮ್ಮಿ ಬಂದ್ರೂ ವಾಪಸ್ ಕೊಡು. 95 ಪರ್ಸೆಂಟಲ್ಲಿ ತೆಗೆದ್ರೆ ನಿನ್ನ 36 ಹೋಗಿ 34 ಆಗುತ್ತೆ. ಆಮೇಲೆ ಹೊಲಿಗೆ ಜಾಗ ಸೇರಿದೆಯಾ ಇಲ್ವಾ ಅಂತ ಅದರ ಜೊತೆ ಬಂದಿರೋದನ್ನ ಪೂರ್ತಿ ಓದು. ನಮ್ಮ ಬೆಂಗಳೂರು ಮೊಮ್ಮಗಳು ಹೇಳಿದ್ಲು, ಅಮೆರಿಕದ ದೊಡ್ಡ ಕಂಪನಿಗಳ ಪ್ಯಾಟರ್ನಲ್ಲಿ ಅರ್ಧ ಇಂಚಿನ ಮೇಲೆ ಒಂದು ನೂಲು ಸೇರಿಸೇ ಕೊಡ್ತಾರಂತೆ, ಜರ್ಮನಿಯ ಬುರ್ಡಾ ಪತ್ರಿಕೇಲಿ ಬರೋದರಲ್ಲಿ ಸೇರ್ಸಿರಲ್ವಂತೆ, ನಾವೇ ಬಿಟ್ಕೋಬೇಕಂತೆ. ನಿನ್ನದು ಯಾವ ಥರದ್ದೋ ನೋಡ್ಕೋ. ಅಕ್ಕನಿಗೆ ಸರಿಯಾಗಿ ಕೂರೋ ಅಳತೆ ಬ್ಲೌಸ್ ಪೇಪರ್ ಮೇಲೆ ಹಾಸಿ ಹೆಗಲು, ಕಂಕುಳ ಸುತ್ತು, ತೋಳಿನ ಸುತ್ತು ಹೋಲಿಸು. ಹೆಗಲಿಂದ ಎದೆ ತುದಿವರೆಗೂ ಮೈ ಮೇಲೇ ಅಳೆದು ನೋಡು. ತಿದ್ದೋದನ್ನೆಲ್ಲ ಬೇರೆ ಪೇಪರ್ ಮೇಲೆ ಇಳಿಸ್ಕೊಂಡು ತಿದ್ದು.

ಆ ತಿದ್ದಿದ ಪೇಪರನ್ನೂ ಮೊದಲು ಹಳೇ ಕಾಟನ್ ಸೀರೆ ತುಂಡಿನ ಮೇಲೆ ಇಟ್ಟು ಕತ್ತರಿಸಿ, ಉದ್ದ ಹೊಲಿಗೆ ಹಾಕಿ ಅಕ್ಕನಿಗೆ ತೊಡಿಸು. ತೊಡಿಸಿ ಕೈ ಮೇಲೆತ್ತು ಅನ್ನು, ನಿಂತಲ್ಲೇ ನೋಡಿದ್ರೆ ಗೊತ್ತಾಗಲ್ಲ. ಅಲ್ಲೀವರೆಗೂ ರೇಷ್ಮೆ ಮೇಲೆ ಕತ್ತರಿ ಹಾಕ್ಬೇಡ ಪುಟ್ಟಿ, ಇನ್ನೊಂದು ಸಲ ಹೇಳ್ತಿದೀನಿ, ಹಾಕ್ಬೇಡ. ರೇಷ್ಮೇಲಿ ಪಕ್ಕದ ಹೊಲಿಗೆಗೆ ಒಂದೂವರೆ ಇಂಚು ಬಿಡು, ಪೇಪರ್ ಏನೇ ಹೇಳಲಿ.

ಕಾಟನ್ ಲೈನಿಂಗ್ ತಂದಿದ್ರೆ ಇವತ್ತು ರಾತ್ರಿನೇ ನೀರಲ್ಲಿ ನೆನೆಹಾಕು, ಬೆಳಿಗ್ಗೆ ಹಿಂಡದೆ ನೆರಳಲ್ಲಿ ಒಣಗ್ಸಿ ಇಸ್ತ್ರಿ ಮಾಡ್ಕೋ. ನೆನೆಸದೆ ಹೊಲಿದ್ರೆ ಒಂದು ಒಗೆತಕ್ಕೇ ಒಳಗೆ ಕುಗ್ಗಿ ಮೇಲಿನ ರೇಷ್ಮೆ ಸುಕ್ಕುಗಟ್ಟುತ್ತೆ. ಹಳೇ ಬಟ್ಟೇಲಿ ಹೊಲಿದದ್ದನ್ನ ಅಕ್ಕನಿಗೆ ಹಾಕ್ಸಿ ಮುಂದೆ, ಹಿಂದೆ, ಕೈ ಎತ್ತಿದ್ದು ಮೂರು ಫೋಟೋ ನನಗೇ ಕಳ್ಸು, ಗ್ರೂಪಿಗೆ ಬೇಡ.